ಮರೆತುಹೋದ ಯೋಸೇಫ, ತಡವಾಗಿ ಬಂದ ಬಿಡುಗಡೆ

ಕಾಯುವುದು ಅಂದರೆ ನನಗೆ ಮೊದಲು ನೆನಪಾಗುವುದು ಬೈಬಲಿನ ಯೋಸೇಫ. 17 ವರ್ಷದವನಿದ್ದಾಗ ಅಣ್ಣಂದಿರೇ ಮಾರಿದರು. ಐಗುಪ್ತದ (ಈಜಿಪ್ಟಿನ) ರಾಜ ಫರೋಹನ ಮುಂದೆ ನಿಂತಾಗ 30. ಆದರೆ ಆ 13 ವರ್ಷಕ್ಕಿಂತ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 40ನೇ ಅಧ್ಯಾಯದ ಒಂದು ಬೆಳಗ್ಗೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುತ್ತದೆ. ಸೆರೆಮನೆಯಲ್ಲಿ ಇಬ್ಬರ ಮುಖ ಬಾಡಿದೆ, ರಾತ್ರಿ ಬಿದ್ದ ಕನಸಿನ ಅರ್ಥ ಅವರಿಗೆ ಗೊತ್ತಾಗಿಲ್ಲ. ತಾನು ಮಾಡದ ತಪ್ಪಿಗೆ ಒಳಗಿರುವ ಯೋಸೇಫ ಅದನ್ನು ಗಮನಿಸಿ, ಯಾಕೆ ಇವತ್ತು ಸಪ್ಪಗಿದ್ದೀರಿ ಎಂದು ಕೇಳುತ್ತಾನೆ. ತನ್ನ ಕಷ್ಟವೇ ಬೆಟ್ಟದಷ್ಟಿದ್ದರೂ ಪಕ್ಕದವರ ಮುಖ ನೋಡುವಷ್ಟು ಜಾಗ ಅವನ ಮನಸ್ಸಿನಲ್ಲಿತ್ತು, ನೋಡಿ.

ಕೆಲಸ ಸಿಗದವರಿಗೆ, ಮಗುವಿಗಾಗಿ ಹಂಬಲಿಸುವವರಿಗೆ ನಾವು 'ದೇವರ ಸಮಯಕ್ಕೆ ಕಾಯಿರಿ' ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅತ್ತರೆ ನಂಬಿಕೆ ಕಡಿಮೆ ಅನ್ನುವ ಹಾಗೆ. ಅದು ಸರಿಯಲ್ಲ. ಯೋಸೇಫ ಸುಮ್ನೆ ಬಾಯಿ ಮುಚ್ಚಿ ಕೂರಲಿಲ್ಲ. ಆ ಇಬ್ಬರಲ್ಲಿ ಒಬ್ಬ ಪಾನದಾಯಕ, ಅಂದರೆ ಫರೋಹನಿಗೆ ದ್ರಾಕ್ಷಾರಸ ಕೊಡುವವನು. ಅವನ ಕನಸಿನ ಅರ್ಥ ಹೇಳಿ, ನಿನಗೆ ಬಿಡುಗಡೆಯಾಗುತ್ತದೆ ಎಂದ ಯೋಸೇಫ, ಅವನಿಗೆ ಫರೋಹನ ಹತ್ತಿರ ನನ್ನ ವಿಷಯ ಹೇಳಿ ಇಲ್ಲಿಂದ ಬಿಡಿಸು ಎಂದು ನೇರವಾಗಿ ಕೇಳಿಕೊಂಡ. ಅವನು ಮರೆತ. ಪೂರ್ತಿ 2 ವರ್ಷ.

ಆಮೇಲೆ ಫರೋಹನಿಗೆ ಮುಂದಿನ ಬರವನ್ನು ಸೂಚಿಸುವ ಕನಸು ಬಿತ್ತು, ಆಗ ಪಾನದಾಯಕನಿಗೆ ಕನಸಿನ ಅರ್ಥ ಹೇಳಿದ್ದ ಯೋಸೇಫನ ನೆನಪೂ ಬಂತು. ಮೊದಲೇ ನೆನಪಾಗಿದ್ದರೆ ಯೋಸೇಫ ಬಹುಶಃ ಅಪ್ಪನ ಮನೆ ಸೇರುತ್ತಿದ್ದ, ಆಗ 7 ವರ್ಷದ ಬರಕ್ಕೆ ಐಗುಪ್ತದಲ್ಲಿ ಧಾನ್ಯ ಕೂಡಿಡುವವರು ಯಾರು, ಅಲ್ವಾ? ಹಾಗಂತ ನಮ್ಮ ಎಲ್ಲ ತಡಕ್ಕೂ ಕಾರಣ ಗೊತ್ತಾಗುತ್ತದೆ ಅಂತಲ್ಲ. ನಾನೂ ಈಗ ಒಂದು ಉತ್ತರಕ್ಕೆ ಕಾಯುತ್ತಿದ್ದೇನೆ. ದಿನಾ ಕೇಳುತ್ತೇನೆ, ಕೇಳುವುದನ್ನು ಬಿಡುವುದಿಲ್ಲ.