ಜಾಂಬೋಟಿ ಕಡೆ ರಾಡ್ಯಾಗ ಓಡಾಕ ಹೊಂಟೀರೇನು? ಮೊದಲ ರೂಮಿನ ರೇಟ್ ಕೇಳ್ರಿ

ಜಾಂಬೋಟಿ ಕಡೆ ನಾ ಇಳಕೊಂಡ ಹೋಂಸ್ಟೇದಾಗ ಒಂದ ಬಕೆಟ್ ಬಿಸಿನೀರಿಗೆ 60 ರೂಪಾಯಿ ತಗೊಂಡ್ರು ರೀ. ರೂಮಿಗೆ 1800 ಅಂತ ಫೋನಿನ್ಯಾಗ ಹೇಳಿದ್ರು, ಗೀಸರ್ ಫೋಟೋನೂ ಕಳಿಸಿದ್ರು, ಹೋಗಿ ನೋಡಿದ್ರ ಕರೆಂಟೇ ಇಲ್ಲ, ಮಳಿ ಹತ್ತಿದ್ರ ಇಲ್ಲಿ ಹಿಂಗ ಅಂತ ನಕ್ಕೋತ ಹೇಳ್ತಾರ. ಅದನ್ನೂ ತಡಕೊಂಡೆ. ಆದ್ರ ಬಿಡೋ ಮುಂದ ಬಿಲ್ಲಿನ್ಯಾಗ ಕ್ಲೀನಿಂಗ್ 300 ಅಂತ ಬರದಿದ್ರು, ಯಾಕ್ರಿ ಅಂದ್ರ ನಿಮ್ಮ ಬೂಟಿಗೆ ರಾಡಿ ಇತ್ತಲ್ರಿ ಅಂದ್ರು! ಬೋರ್ಡಿನ ಮ್ಯಾಲ ಮಾನ್ಸೂನ್ ಸ್ಟೇ ಅಂತ ಬರಿಸಿ ರಾಡಿಗೆ ದಂಡ ಹಾಕೋ ಮಂದಿನ್ನ ಅಲ್ಲೇ ನೋಡಿದ್ದು. ಅದಕ್ಕ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಕಡೆ ಓಡಾಕ ಹೋಗೋರು ಬಿಸಿನೀರು ಮತ್ತ ಬೂಟ್ ಒಣಗಸಾಕ ಜಾಗಾ ಎರಡನ್ನೂ ಮೊದಲ ಮಾತಾಡಿ ವಾಟ್ಸಾಪಿನ್ಯಾಗ ಬರಿಸ್ಕೋರಿ.

ಇನ್ನ ಓಟದ ಮಾತು. ನಾ ಹಾಕೋದು ತೆಳು ಸೋಲಿನ ಬೂಟು, ಹಿಮ್ಮಡ ಮುಂಗಾಲು ಎರಡೂ ಒಂದ ಎತ್ತರ, ಜೀರೋ ಡ್ರಾಪ್ ಅಂತಾರಲ್ಲ ಅದು. ಸಾದಾ ರನ್ನಿಂಗ್ ಬೂಟಿನ್ಯಾಗ ಹಿಮ್ಮಡ 8-12 ಮಿಲಿಮೀಟರ್ ಜಾಸ್ತಿ ಎತ್ತರ ಇರತೈತಿ, ಗಾಡಿ ದಾರಿ ಜಾಡಿನ್ಯಾಗ ಅಂಥಾ ಬೂಟು ಹಾಕ್ಕೊಂಡ್ರ ಪಾದ ಹೊಳ್ಳತೈತಿ. ತೆಳು ಬೂಟಿನ್ಯಾಗ ನೆಲ ಎಲ್ಲಿ ಮೆತ್ತಗ, ಎಲ್ಲಿ ಗಟ್ಟಿ ಅಂತ ಅಂಗಾಲಿಗೇ ಗೊತ್ತಾಗತೈತಿ, ಹೆಜ್ಜಿ ತಾನ ಸಣ್ಣ ಆಗತೈತಿ, ಕಾಲು ಮೈ ಕೆಳಗ ಬೀಳತೈತಿ, ಜಾರೋದು ಕಡಿಮಿ. ಆದ್ರ ತಳದಾಗ 4-5 ಮಿಲಿಮೀಟರ್ ಸ್ಟಡ್, ಅಂದ್ರ ಮಣ್ಣು ಹಿಡಿಯೋ ರಬ್ಬರ್ ಗುಬಟು, ಇರಲೇಬೇಕು, ರೋಡಿನ ಮ್ಯಾಲ ಓಡೋ ನುಣ್ಣನ ತೆಳು ಬೂಟು ಇಲ್ಲಿ ತರಬ್ಯಾಡ್ರಿ.

ಮಣ್ಣು ನೋಡಿ ಹೋಗ್ರಿ, ಮಳಿ ನೋಡಿ ಅಲ್ಲ. ಬೈಲಹೊಂಗಲ, ಸವದತ್ತಿ ಕಡೆ ಎರಿ ಮಣ್ಣು, ನಾಕ ಹನಿ ಬಿದ್ರ ಸಾಕು ಬೂಟಿಗೆ ಮೆತ್ತಿ ಮೆತ್ತಿ ಕಾಲು ಎತ್ತಾಕ ಆಗಂಗಿಲ್ಲ, ಸ್ಟಡ್ ಎಲ್ಲಾ ತುಂಬಿ ಸಪಾಟ್ ಆಗಿಬಿಡತೈತಿ. ಖಾನಾಪುರ ತಾಲೂಕಿನ ಈ ಕೆಂಪು ಮಣ್ಣು ಹಂಗ ಅಂಟಂಗಿಲ್ಲ, ಮ್ಯಾಲ ನೀರು ಹರಿದಷ್ಟೂ ತೊಳಕೊಂಡು ಹೋಗತೈತಿ, ಜಡಿಮಳಿ ಒಳಗೂ ಓಡಬಹುದು. ಇಲ್ಲಿ ಹೆದರಬೇಕಾದದ್ದು ಪಾಚಿ ಕಟ್ಟಿದ ಜಂಬಿಟ್ಟಿಗಿ ಕಲ್ಲಿಗೆ. ಸ್ಟಡ್ ಇರ್ಲಿ ಬಿಡ್ಲಿ, ಅದರ ಮ್ಯಾಲ ನಡಕೊಂಡ ಹೋಗ್ರಿ. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರಾಗ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲೇ ಗೆದ್ದಾನ ಅಂತ ಹೇಳಿ ಬೂಟ್ ಕಳಿಯೋರು ಇರ್ತಾರ, ಆಂವ ಓಡಿದ್ದು ಊರಿನ ರಸ್ತೆ ಮ್ಯಾಲ್ರಿ. ಇಲ್ಲಿ ನಿಂತ ನೀರಿನ್ಯಾಗ ಇಲಿಜ್ವರದ ಕಾಟ ಇರತೈತಿ, ಕಾಲಾಗ ಗಾಯ ಇದ್ರ ಬರಿಗಾಲಿನ ಮಾತೇ ಬ್ಯಾಡ.

ಹಂಗಂತ ಬರಿಗಾಲಿನವರು ಇಲ್ಲ ಅಂತಲ್ಲ. ನಟ್ಟಿ ಟೈಮಿನ್ಯಾಗ ಪ್ಲಾಸ್ಟಿಕ್ ಕೊಪ್ಪಿ ಹಾಕ್ಕೊಂಡ ಒಬ್ಬ ಅಜ್ಜಿ ಎರಡೂ ಕೈಯಾಗ ಸಸಿ ಕಟ್ಟು ಹಿಡಕೊಂಡು ಬದುವಿನ ಮ್ಯಾಲ ದಡದಡ ಹೋದ್ಳು, ಕಾಲಬೆರಳು ಅಗಲ ಮಾಡಿ ಹೆಬ್ಬೆರಳು ಮಣ್ಣಿಗೆ ಊರಿ ಊರಿ. ಮುಂದಿನ ಭಾಗ ಅಗಲ ಇರೋ ಬೂಟು ತಗೋರಿ ಅಂತ ಯಾಕ ಹೇಳ್ತಾರ ಅಂತ ಆಗ ತಿಳೀತು. ಆದ್ರ ನೀವು ಬದುವಿನ ಮ್ಯಾಲ ಓಡಬ್ಯಾಡ್ರಿ, ಒಡದ್ರ ಬೈತಾರ, ಬೈಯೋದು ಬರೋಬ್ಬರಿನೂ ಐತಿ.

ಥಂಡಿ ಅಂತ ಅಂಜಬ್ಯಾಡ್ರಿ, ಜುಲೈ-ಆಗಸ್ಟಿನ್ಯಾಗ ಮುಂಜಾನೆ 20 ಡಿಗ್ರಿ ಆಸುಪಾಸು, ಓಡೋತನಕ ಕಾಲು ಬೆಚ್ಚಗೇ ಇರತಾವು, ನಿಂತ್ರ ಮಾತ್ರ ಮರಗಟ್ಟತಾವು. ವಾಟರ್‌ಪ್ರೂಫ್ ಬೂಟು ದಂಡ, ಮ್ಯಾಲಿಂದ ನೀರು ಹೋದ್ರ ಹೊರಗ ಬರಂಗಿಲ್ಲ. ಕಾಟನ್ ಸಾಕ್ಸ್ ಬಿಟ್ಟು ತೆಳು ಉಣ್ಣಿದು ಹಾಕ್ರಿ, ಬೆರಳ ಸಂದ್ಯಾಗ ವ್ಯಾಸಲೀನ್ ಹಚ್ರಿ, ಜಿಗಣಿಗೆ ಉಪ್ಪಿನ ಪುಡಿಕಿ ಕಿಸೆದಾಗ ಇರ್ಲಿ. ತೆಳು ಬೂಟು ಹೊಸದಾಗಿ ಹಾಕೋರು ಸೀದಾ ಇಲ್ಲಿಗೆ ಬರಬ್ಯಾಡ್ರಿ, ಮೀನಖಂಡ ಹಿಡಕೊಂಡು ಮೆಟ್ಟಲಾ ಇಳಿಯಾಕ ಆಗಂಗಿಲ್ಲ, ಕೆಲವು ವಾರ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದೊಳಗ ಗಿಡದ ಕೆಳಗಿನ ಮಣ್ಣಿನ್ಯಾಗ ಸ್ವಲ್ಪ ಸ್ವಲ್ಪ ಓಡಿ ರೂಢಿ ಮಾಡ್ಕೋರಿ.

ಊಟಕ್ಕ ಹೋಂಸ್ಟೇದಾಗ ಕೂಡಬ್ಯಾಡ್ರಿ. ಜಾಂಬೋಟಿ ಊರಾಗ ರಸ್ತೆ ಬಾಜೂಕ ತಗಡಿನ ಶೆಡ್ ಒಂದೈತಿ, ಹೆಸರಿನ ಬೋರ್ಡೂ ಇಲ್ಲ, ಹೊಗಿ ನೋಡ್ಕೊಂಡ ಹೋಗ್ರಿ. ಮಾವಶಿ ಒಬ್ಬಾಕಿನ ನಡಸ್ತಾಳ, ಅರ್ಧ ಮರಾಠಿ ಅರ್ಧ ಕನ್ನಡ. ಒಲಿ ಮ್ಯಾಲಿಂದ ಇಳಿಸಿದ ನಾಚಣಿ (ರಾಗಿ) ಭಾಕ್ರಿ ಎರಡು, ಹುರಳಿ ಕಟ್ಟಿನ ಸಾರು, ಹಸಿಮೆಣಸಿನಕಾಯಿ ಖಾರಾ, ಮೊಸರು, ಅನ್ನ ಸಾಕು ಅನ್ನೋತನಕ, ಎಲ್ಲಾ ಸೇರಿ 70 ರೂಪಾಯಿ. ಸಾರು ಬಟ್ಟಲಾ ಎತ್ತಿ ಕುಡದೆ, ಕೇಳದ ಇನ್ನೊಮ್ಮೆ ಹಾಕಿದ್ಳು. ನನ್ನ ಬೂಟ್ ನೋಡಿ "ಇಕಡೆ ಕೊಡ ತಮ್ಮಾ" ಅಂತ ತಾನ ಇಸ್ಕೊಂಡು, ಒಲಿ ಹತ್ರ ಇಟ್ರ ಗೋಂದು ಬಿಡತೈತಿ ಅಂತ ದೂರ ಎರಡ ಕಟಿಗಿ ಊರಿ ಬೋರಲ ಹಾಕಿದ್ಳು, ಒಳಗ ಹಳೇ ಪೇಪರ್ ತುರುಕಿ. ಅದಕ್ಕ ಏನೂ ತಗೊಳ್ಳಿಲ್ಲ.

ಭೀಮಗಡ ಅಭಯಾರಣ್ಯದೊಳಗ ಫಾರೆಸ್ಟಿನವರ ಪರ್ಮಿಶನ್ ಇಲ್ಲದ ಕಾಲಿಡಬ್ಯಾಡ್ರಿ, ಕರಡಿ ಅದಾವು, ಊರ ಸುತ್ತಲಿನ ಗಾಡಿ ದಾರಿನ ಸಾಕಷ್ಟೈತಿ. ಕಣಕುಂಬಿಯ ಮಾವುಲಿ ಗುಡಿ ಹತ್ರ ಮಲಪ್ರಭಾ ಹುಟ್ಟೋ ಜಾಗಾ, ಅಲ್ಲಿ ಬೂಟ್ ತೊಳಿಬ್ಯಾಡ್ರಿ, ಮಂದಿ ತೀರ್ಥ ತಗೋತಾರ. ಶನಿವಾರ-ರವಿವಾರ ಅಂತೂ ಈ ಕಡೆ ಮುಖಾನ ಹಾಕಬ್ಯಾಡ್ರಿ, ಗೋವಾಕ್ಕ ಹೋಗೋ ಚೋರ್ಲಾ ರಸ್ತೆ ತುಂಬ ಕಾರು, ಡಿಕ್ಕಿ ತಗದು ಹಾಡು ಹಚ್ಚಿ ಕುಣಿಯೋರು, ಮಾವಶಿ ಕಡೆನೂ ಭಾಕ್ರಿ ಮಧ್ಯಾಹ್ನಕ್ಕ ಖಾಲಿ. ಮಂಗಳವಾರ ಬುಧವಾರ ನೋಡ್ರಿ.