ಇಲಿ ಕಚ್ಚದೆಯೂ ಬರುವ ಇಲಿ ಜ್ವರ

ಇಲಿ ಜ್ವರ ಬರಲು ಇಲಿ ಕಚ್ಚಬೇಕಿಲ್ಲ, ಕಣ್ಣಿಗೆ ಬೀಳಲೂ ಬೇಕಿಲ್ಲ. ಲೆಪ್ಟೊಸ್ಪೈರಾ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದ ನಾಳಗಳಲ್ಲಿ ಬೀಡುಬಿಟ್ಟಿರುತ್ತದೆ. ಅದರಿಂದ ಇಲಿಗೆ ಕಾಯಿಲೆ ಬರುವುದಿಲ್ಲ. ಆರಾಮಾಗಿ ಓಡಾಡಿಕೊಂಡೇ ತಿಂಗಳುಗಟ್ಟಲೆ ಮೂತ್ರದಲ್ಲಿ ಅದನ್ನು ಹೊರಹಾಕುತ್ತಿರುತ್ತದೆ. ಒಣ ನೆಲದಲ್ಲಿ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ನಿಂತ ನೀರು, ಒದ್ದೆ ಮಣ್ಣು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ಚರಂಡಿ ಉಕ್ಕಿದ ನೀರಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಅಪಾಯ ಹೆಚ್ಚಿರುವುದು ಇದಕ್ಕೇ. ಹಿಮ್ಮಡಿಯ ಬಿರುಕು, ಗೀರುಗಾಯ, ಕಣ್ಣು, ಬಾಯಿ, ಯಾವ ದಾರಿಯಾದರೂ ಅದಕ್ಕೆ ಸಾಕು.

ಇಲಿ ಕಂಡ ತಕ್ಷಣ ಪಾಷಾಣ ಇಡುವುದು ಎಲ್ಲರ ರೂಢಿ. ಅದೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು. ಕೆನಡಾದ ವ್ಯಾಂಕೂವರ್ ನಗರದಲ್ಲಿ ಇಲಿಗಳನ್ನು ಹಿಡಿದು ಕೊಂದ ಬೀದಿಗಳನ್ನು ಸಂಶೋಧಕರು ಪರೀಕ್ಷಿಸಿದಾಗ, ಉಳಿದ ಇಲಿಗಳಲ್ಲಿ ಲೆಪ್ಟೊಸ್ಪೈರಾ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಗುಂಪು ಚದುರಿದರೆ ಜಾಗಕ್ಕಾಗಿ ಕಚ್ಚಾಟ, ಹೊಸ ಇಲಿಗಳ ಒಡನಾಟ ಹೆಚ್ಚಿ ಸೋಂಕು ಹಬ್ಬಬಹುದು ಎಂಬುದು ಅವರ ವಿವರಣೆ. ಅಷ್ಟೇ ಅಲ್ಲ, ಸತ್ತ ಇಲಿಯ ಮೈ ತಣ್ಣಗಾಗುತ್ತಲೇ ಚಿಗಟಗಳು ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತವೆ. ಪ್ಲೇಗ್, ಮ್ಯೂರಿನ್ ಟೈಫಸ್ ಎಂಬ ಜ್ವರ ಎರಡೂ ಹರಡುವುದು ಚಿಗಟದಿಂದ. ಹಾಗಾಗಿ ಸತ್ತ ಇಲಿಯನ್ನು ಬಿದ್ದಲ್ಲೇ ಬಿಡಬೇಡಿ.

ಮೊದಲು ಮಾಡಬೇಕಾದ ಕೆಲಸ ದಾರಿ ಮುಚ್ಚುವುದು. ಚುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಹೆಬ್ಬೆರಳು ತೂರುವ ತೂತಿದ್ದರೆ ದೊಡ್ಡ ಜಾತಿಯ ಮರಿ ಇಲಿಯೂ ನುಗ್ಗುತ್ತದೆ. ಪೈಪು ಗೋಡೆ ಸೇರುವ ಕಡೆ ಬರೀ ಫೋಮ್ ತುಂಬಿದರೆ ಕಡಿದು ಹಾಕುತ್ತದೆ. ಉಕ್ಕಿನ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿ. ಕಸದ ಡಬ್ಬಿಗೆ ಬಿಗಿ ಮುಚ್ಚಳವಿರಲಿ. ತಿನ್ನಲು ಬೇರೆ ಸಿಗುತ್ತಿದ್ದರೆ ಬೋನಿನ ಕಡೆ ಇಲಿ ಸುಳಿಯುವುದು ಕಷ್ಟ.

ಹಿಕ್ಕೆ, ಮೂತ್ರದ ಕಲೆ ಕಂಡರೆ ಪೊರಕೆ ಮುಟ್ಟಬೇಡಿ. ಧೂಳೆದ್ದರೆ ರೋಗಾಣು ಉಸಿರಿನೊಂದಿಗೆ ಒಳಹೋಗಬಹುದು. ಅರ್ಧ ಗಂಟೆ ಕಿಟಕಿ ಬಾಗಿಲು ತೆರೆದಿಟ್ಟು, ರಬ್ಬರ್ ಕೈಗವಸು ಹಾಕಿಕೊಳ್ಳಿ. 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ನೆನೆಯುವಂತೆ ಸುರಿದು 5 ನಿಮಿಷ ಬಿಡಿ. ಕಾಗದದಿಂದ ಒರೆಸಿ ತೆಗೆದ ಮೇಲೆ ಅದೇ ಜಾಗವನ್ನು ಹೊಸ ದ್ರಾವಣದಿಂದ ಇನ್ನೊಮ್ಮೆ ಒರೆಸಿ. ಈ ಎರಡನೇ ಸಲವನ್ನು ಬಿಡುವವರೇ ಜಾಸ್ತಿ. ಕೊಳೆಯಿದ್ದಲ್ಲಿ ಬ್ಲೀಚ್‌ನ ಶಕ್ತಿಯೆಲ್ಲ ಕೊಳೆಯ ಮೇಲೇ ಮುಗಿದುಹೋಗುತ್ತದೆ. ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಿ. ಅದಕ್ಕೆ ಆಸಿಡ್ ಅಥವಾ ಅಮೋನಿಯಾ ಇರುವ ಯಾವುದನ್ನೂ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ.

ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಚಳಿ ಜ್ವರ, ತಲೆನೋವು ಶುರುವಾಗುತ್ತವೆ. ಮೀನಖಂಡ ಒತ್ತಿದರೆ ತಡೆಯಲಾರದ ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು, ಇವೆರಡು ಕಂಡರೆ ತಡಮಾಡಬೇಡಿ. ಕೊಳಚೆ ನೀರು ಮೆಟ್ಟಿದ್ದನ್ನು ನೀವಾಗಿಯೇ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಫ್ಲೂ ಅಥವಾ ಡೆಂಗಿ ಎಂದುಕೊಳ್ಳುವುದು ಸುಲಭ. ಮೊದಲ ಕೆಲವು ದಿನ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬರಬಹುದು, ಆದರೂ ಕಾಯಿಲೆ ಇಲ್ಲವೆಂದಲ್ಲ. ಆಗ ರಕ್ತದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಹೆಚ್ಚು ಉಪಯೋಗ. ಅನುಮಾನ ಬಲವಾಗಿದ್ದರೆ ಡಾಕ್ಟರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಶುರುಮಾಡುತ್ತಾರೆ. ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾದರೆ ಅಥವಾ ಕೆಮ್ಮಿದಾಗ ರಕ್ತ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಸೇರಿಸಬೇಕು.