ಸ್ಯಾಕ್ ಎಣಿಸಿದರೆ ಲೈನಿನ ಲೆಕ್ಕ ಸಿಗುವುದಿಲ್ಲ

ಕುಂಬಳೆ, ಉಪ್ಪಳ ಕಡೆ ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಕಬಡ್ಡಿ ನೋಡಿದವರಿಗೆ ಒಂದು ಸಂಗತಿ ಗೊತ್ತು. ಕಾರ್ನರ್‌ನವನು ರೈಡರನ ಕಾಲು ಹಿಡಿದರೆ ಚಪ್ಪಾಳೆ ಅವನಿಗೆ. ಅರ್ಧ ಹೆಜ್ಜೆ ಮುಂದೆ ಸರಿದು, ರೈಡರ್ ನಡುಗೆರೆಗೆ ಹಾರುವ ದಾರಿಯನ್ನು ಮುಚ್ಚಿದ ಕವರ್‌ನವನ ಹೆಸರು ಮೈಕಿನಲ್ಲಿ ಬರುವುದು ಕಡಿಮೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಅಫೆನ್ಸಿವ್ ಲೈನ್ (ಚೆಂಡು ಕೈಯಲ್ಲಿರುವ ತಂಡದ ಮುಂದಿನ ತಡೆಗೋಡೆ) ಎಂದರೆ ಅಂಥ ಐದು ಮಂದಿ ಕವರ್‌ನವರು. ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. (ಇಲ್ಲಿ ಟ್ಯಾಕಲ್ ಎಂದರೆ ಸ್ಥಾನದ ಹೆಸರು; ಕಬಡ್ಡಿಯ ಟ್ಯಾಕಲ್ ಅಲ್ಲ.) ಒಬ್ಬೊಬ್ಬನೂ ಸುಮಾರು 140 ಕಿಲೋ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್ ಬಿಟ್ಟರೆ ಇವರು ಚೆಂಡು ಮುಟ್ಟುವುದೇ ಅಪರೂಪ. ಹಾಗಾಗಿ ಸ್ಕೋರ್ ಕಾರ್ಡಿನಲ್ಲಿ ಇವರ ಸಾಲು ಖಾಲಿ.

ಖಾಲಿ ಜಾಗ ತುಂಬಲು ಎಲ್ಲರೂ ಹಿಡಿಯುವುದು ಸ್ಯಾಕ್ ಸಂಖ್ಯೆಯನ್ನು, ಅಂದರೆ ಲೈನಿನ ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯುವ ಮೊದಲೇ ಎಷ್ಟು ಸಲ ನೆಲಕ್ಕೆ ಬಿದ್ದ ಎಂಬ ಲೆಕ್ಕವನ್ನು. ಅದು ಎಷ್ಟು ಮೋಸದ ಲೆಕ್ಕ ಎಂದು ತಿಳಿಯಲು 2021ರ ಫೆಬ್ರವರಿ 7ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಸಾಕು. (ನಮ್ಮಲ್ಲಿ ಸೋಮವಾರ ಬೆಳಗ್ಗೆ 5 ಗಂಟೆ, ಹಾಲು ತರುವ ಹೊತ್ತು.) ಕಾನ್ಸಾಸ್ ಸಿಟಿಯ ಇಬ್ಬರು ಮೂಲ ಟ್ಯಾಕಲ್‌ಗಳೂ, ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಸ್, ಗಾಯದಿಂದ ಹೊರಗಿದ್ದರು. ಟ್ಯಾಂಪಾ ಬೇ 31–9ರಿಂದ ಗೆದ್ದಿತು. ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸ್ಯಾಕ್ ಆದದ್ದು ಬರೀ 3 ಸಲ. ಆದರೆ ಕ್ರೀಡಾ ವಾಹಿನಿ ಇಎಸ್‌ಪಿಎನ್ ಲೆಕ್ಕದಲ್ಲಿ ಅವನ ಮೇಲೆ ಒತ್ತಡ ಬಿದ್ದದ್ದು 29 ಸಲ. ಹಿಂದೆ ಹಿಂದೆ ಓಡಿ, ನೆಲಕ್ಕೆ ಸಮಾನಾಂತರವಾಗಿ ಬೀಳುತ್ತಲೇ ಚೆಂಡು ಎಸೆದು ಅವನು ಲೈನಿನ ಮಾನ ಉಳಿಸಿದ. ಮೂರು ಎಂಬ ಅಂಕಿ ಮಾತ್ರ ನೋಡಿದವನಿಗೆ ಅದು ಸಾಧಾರಣ ಸಂಜೆ.

ಇದರ ತಿರುಗುಮುರುಗು 2009ರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. 16 ಪಂದ್ಯಗಳಲ್ಲಿ ಸ್ಯಾಕ್ 10. ಲೈನ್ ಕೆಟ್ಟದ್ದೇನಲ್ಲ, ಆದರೆ ಚೆಂಡು ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಆ ಹತ್ತರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅವನದೇ.

ಹಾಗಾದರೆ ನೋಡುವುದು ಹೇಗೆ? ಮೊದಲು ಮೊಬೈಲಿನ ಸ್ಟಾಪ್‌ವಾಚ್. ಸ್ನ್ಯಾಪ್ ಆದಾಗ ಒತ್ತಿ, ಚೆಂಡು ಕೈ ಬಿಟ್ಟಾಗ ನಿಲ್ಲಿಸಿ. ಇಎಸ್‌ಪಿಎನ್‌ನ ಪಾಸ್ ಬ್ಲಾಕ್ ವಿನ್ ರೇಟ್ ಎಂಬ ಅಳತೆ ಕೇಳುವುದು ಒಂದೇ ಪ್ರಶ್ನೆ: ತಡೆ 2.5 ಸೆಕೆಂಡ್ ನಿಂತಿತೇ? ನಿಂತರೆ ಲೈನ್‌ಮನ್ ಗೆದ್ದ. ನಾಲ್ಕನೇ ಸೆಕೆಂಡಿನಲ್ಲಿ ಬಿದ್ದ ಸ್ಯಾಕ್ ಬಹುತೇಕ ಕ್ವಾರ್ಟರ್‌ಬ್ಯಾಕಿನದು ಅಥವಾ ಎದುರಾಳಿಯಿಂದ ಬಿಡಿಸಿಕೊಳ್ಳಲಾಗದ ರಿಸೀವರ್‌ಗಳದು (ಪಾಸ್ ಹಿಡಿಯುವವರದು).

ಎರಡನೆಯದು ಆಳ. ಕ್ವಾರ್ಟರ್‌ಬ್ಯಾಕನ್ನು ಹಿಡಿಯಲು ತುದಿಯಿಂದ ಸುತ್ತಿ ಬರುವ ಎದುರಾಳಿಯನ್ನು ಟ್ಯಾಕಲ್ ನಿಲ್ಲಿಸಲೇಬೇಕೆಂದಿಲ್ಲ; 7–8 ಗಜ ಆಳದಲ್ಲಿ ಕ್ವಾರ್ಟರ್‌ಬ್ಯಾಕಿನ ಬೆನ್ನ ಹಿಂದೆ ದಾಟಿಸಿಬಿಟ್ಟರೆ ಸಾಕು. ಕ್ವಾರ್ಟರ್‌ಬ್ಯಾಕ್ ಹೆದರಿ 10–11 ಗಜಕ್ಕೆ ಹಿಂದೆ ಸರಿದರೆ ಆ ದಾಟಿಸುವ ದಾರಿಗೇ ಹೋಗಿ ನಿಂತ ಹಾಗೆ. ಟಿವಿಯಲ್ಲಿ ಬೈಗುಳ ಟ್ಯಾಕಲ್‌ಗೆ. ಮೊದಲು ಕ್ವಾರ್ಟರ್‌ಬ್ಯಾಕಿನ ಕಾಲು ಮುಂದಕ್ಕೆ ಸರಿಯಿತೇ ನೋಡಿ, ಆಮೇಲೆ ಬೈಯಿರಿ.

ಒಂದು ಆಟವನ್ನು (ಪಂದ್ಯವಲ್ಲ, ಒಂದು ಸ್ನ್ಯಾಪ್‌ನಿಂದ ಚೆಂಡು ನಿಲ್ಲುವವರೆಗಿನದು) ಕನಿಷ್ಠ ಮೂರು ಸಲ ತಿರುಗಿಸಿ ನೋಡಬೇಕು, ಸಾಧ್ಯವಾದರೆ ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಕ್ಯಾಮೆರಾದಿಂದ. ಪಕ್ಕದ ಕ್ಯಾಮೆರಾದಲ್ಲಿ ಐವರೂ ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಾರೆ. ಮೊದಲ ಸಲ ಸೆಂಟರ್ ಮತ್ತು ಇಬ್ಬರು ಗಾರ್ಡ್‌ಗಳು. ಎರಡನೇ ಸಲ ಟ್ಯಾಕಲ್‌ಗಳು. ಚೆಂಡನ್ನು ಕೊನೆಗೆ ನೋಡಿದರಾಯಿತು.

ಬಲ ಟ್ಯಾಕಲ್ ಒಬ್ಬನನ್ನೇ ಹಿಡಿಯಿರಿ. ಸ್ನ್ಯಾಪ್ ಆದೊಡನೆ ಅವನ ಹೊರಗಾಲು ಹಿಂದಕ್ಕೆ ಜಾರುತ್ತದೆ, ಒಳಗಾಲು ನೆಲ ಬಿಡದೆ ಹಿಂಬಾಲಿಸುತ್ತದೆ. ಎರಡು ಹೆಜ್ಜೆ ಆಗುವಷ್ಟರಲ್ಲಿ ಹಿಮ್ಮಡಿಗಳು ಒಂದಕ್ಕೊಂದು ತಾಗಿದರೆ ತೂಕ ತಪ್ಪಿತೆಂದೇ ಲೆಕ್ಕ. ಕೈ ಎದುರಾಳಿಯ ಎದೆಯೊಳಗೆ ಬೀಳಬೇಕು. ಭುಜದ ಹೊರಗೆ ಬಿದ್ದರೆ ಜರ್ಸಿ ಎಳೆಯುವುದೊಂದೇ ದಾರಿ, ಅದು ಹೋಲ್ಡಿಂಗ್, 10 ಗಜ ದಂಡ. ತಲೆ ಕಾಲ್ಬೆರಳುಗಳಿಗಿಂತ ಮುಂದೆ ಬಾಗಿದರೆ ಎದುರಾಳಿ ಆ ಕೈಯನ್ನು ಕೆಳಗೆ ತಟ್ಟಿ ಪಕ್ಕದಿಂದ ಜಾರುತ್ತಾನೆ. ನೇರ ತಳ್ಳಿಕೊಂಡು ಬಂದಾಗ ಎರಡು ಮೂರು ಹೆಜ್ಜೆ ಹಿಂದೆ ಹೋಗಿ ಸೊಂಟ ತಗ್ಗಿಸಿ ನಿಂತರೆ ಅದು ಸೋಲಲ್ಲ. ಕ್ವಾರ್ಟರ್‌ಬ್ಯಾಕಿನ ಮಡಿಲಿಗೆ ಹೋಗಿ ಬಿದ್ದರೆ ಸೋಲು.

ಹೊಸಬರು ಎಡವುವುದು ಸ್ಟಂಟ್‌ನಲ್ಲಿ. ಎದುರು ತಂಡದ ತುದಿಯ ದಾಳಿಗಾರ ಒಳಗೆ ನುಗ್ಗಿ ಗಾರ್ಡ್‌ಗೆ ಬಡಿಯುತ್ತಾನೆ, ಒಳಗಿನವನು ಅವನ ಹಿಂದಿನಿಂದ ಸುತ್ತಿ ಹೊರಗೆ ಬರುತ್ತಾನೆ. ಗಾರ್ಡ್ ಮತ್ತು ಟ್ಯಾಕಲ್ ತಮ್ಮ ಆಳನ್ನು ಪರಸ್ಪರ ದಾಟಿಸಿಕೊಳ್ಳಬೇಕು. ಗಾರ್ಡ್ ಒಳಗೆ ನುಗ್ಗಿದವನನ್ನು ತೆಗೆದುಕೊಳ್ಳದೆ ತನ್ನ ಮೊದಲಿನ ಆಳಿನ ಹಿಂದೆಯೇ ಹೋಗಲು ನೋಡಿದರೆ ಟ್ಯಾಕಲ್ ಆ ನುಗ್ಗಿದವನನ್ನು ಬಿಡುವಂತಿಲ್ಲ. ನುಗ್ಗಿದವನು ಅಡ್ಡ ಸಿಕ್ಕಿ ಗಾರ್ಡ್ ಹಿಂದೆ ಬೀಳುತ್ತಾನೆ, ಹೊರಗಿನಿಂದ ಸುತ್ತಿ ಬಂದವನು ಖಾಲಿ ದಾರಿಯಲ್ಲಿ ಬರುತ್ತಾನೆ. ಬಯಲಲ್ಲಿ ಸೋತಂತೆ ಕಾಣುವವನು ಟ್ಯಾಕಲ್, ತಪ್ಪು ಗಾರ್ಡಿನದು. ಯಾರ ಭುಜ ಮೊದಲು ತಿರುಗಿತು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಏತಡ್ಕದ ಹೊಳೆಗೆ ಕಟ್ಟ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಕಡೆ ಮಣ್ಣು ಸಡಿಲವಾಗಿ ನೀರು ಸೋರಲು ಸುರುವಾದರೆ ಉಳಿದ ಇಪ್ಪತ್ತು ಕೋಲು ಕಟ್ಟ ಗಟ್ಟಿ ಇದ್ದು ಏನು ಫಲ? ಹಾಗಾಗಿ ಐವರ ಸರಾಸರಿ ತೆಗೆಯುವುದು ನನ್ನ ಮಟ್ಟಿಗೆ ದಂಡ. ಎದುರಾಳಿ ಕೋಚ್ ಹುಡುಕುವುದೇ ಸೋರುವ ಜಾಗವನ್ನು.

ಪಾಸ್ ಎಸೆಯದೆ ಚೆಂಡು ಹಿಡಿದು ಓಡುವ ಓಟದ ಆಟದಲ್ಲಿ ಲೆಕ್ಕ ಸ್ವಲ್ಪ ಸುಲಭ. ಅಡ್ಜಸ್ಟೆಡ್ ಲೈನ್ ಯಾರ್ಡ್ಸ್ ಎಂಬ ಅಳತೆಯ ತರ್ಕ ಚೆನ್ನಾಗಿದೆ: ಹಿಂದಕ್ಕೆ ಹೋದ ಗಜಗಳಿಗೆ ಲೈನಿನ ಮೇಲೆ 120 ಶೇಕಡ ಹೊಣೆ, 0–4 ಗಜಕ್ಕೆ 100, 5–10ಕ್ಕೆ 50, 11ರಿಂದ ಮೇಲಿನದು ಓಡಿದವನಿಗೆ. 60 ಗಜ ಓಡಿದ ಒಂದು ಓಟಕ್ಕೆ ಲೈನನ್ನು ಹೊಗಳಬೇಡಿ. ಕಣ್ಣಿಡಬೇಕಾದ್ದು ಡಬಲ್ ಟೀಮ್ ಮೇಲೆ. ಇಬ್ಬರು ಸೊಂಟಕ್ಕೆ ಸೊಂಟ ತಾಗಿಸಿ ಒಬ್ಬನನ್ನು ತಳ್ಳಿ, ಆಮೇಲೆ ಒಬ್ಬ ಬಿಟ್ಟು, ಎದುರು ತಂಡದ ಎರಡನೇ ಸಾಲಿನ ಲೈನ್‌ಬ್ಯಾಕರ್‌ನತ್ತ ಏರಬೇಕು. ಬೇಗ ಬಿಟ್ಟರೆ ತಳ್ಳಿಸಿಕೊಂಡವನು ನಡುವಿನಿಂದ ಸೀಳಿ ಬರುತ್ತಾನೆ, ತಡವಾದರೆ ಲೈನ್‌ಬ್ಯಾಕರ್ ಸಂದಿಯಲ್ಲಿ ಬಂದು ನಿಂತಿರುತ್ತಾನೆ.

ಅಂಕ ಹಾಕಲು ಆಟಗಾರರನ್ನು ಅಳೆಯುವ ಸಂಸ್ಥೆ ಪಿಎಫ್‌ಎಫ್ ಪ್ರತಿ ಆಟಕ್ಕೆ −2ರಿಂದ +2ರ ವರೆಗೆ ಅರ್ಧರ್ಧ ಅಂಕ ಬಳಸುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಗೆದ್ದ, ಸೋತ, ಪ್ರಶ್ನಾರ್ಥಕ ಚಿಹ್ನೆ ಎಂಬ ಮೂರು ಕಾಲಂ ಸಾಕು. ಮೂರನೆಯದನ್ನು ಬಿಡಬೇಡಿ. ಹಡಲ್‌ನಲ್ಲಿ (ಆಟಕ್ಕೆ ಮುಂಚೆ ಸುತ್ತ ನಿಂತು ಮಾಡುವ ಮಾತುಕತೆಯಲ್ಲಿ) ಯಾರಿಗೆ ಯಾರನ್ನು ಒಪ್ಪಿಸಿದ್ದರು ಎಂದು ಹೊರಗಿನವರಿಗೆ ತಿಳಿಯದ ಆಟಗಳು ಪ್ರತಿ ಪಂದ್ಯದಲ್ಲೂ ಇರುತ್ತವೆ. ಆ ಕಾಲಂ ಖಾಲಿ ಇರುವ ಹಾಳೆಯನ್ನು ನಂಬುವುದು ಕಷ್ಟ. ಪಕ್ಕದಲ್ಲಿ ಸಹಾಯ ಇತ್ತೇ ಎಂದೂ ಗುರುತಿಸಿ: ಟ್ಯಾಕಲ್‌ನ ಪಕ್ಕ ನಿಲ್ಲುವ ಟೈಟ್ ಎಂಡ್ ಪ್ರತಿ ಸಲ ಭುಜ ಕೊಟ್ಟು ಹೋಗುತ್ತಿದ್ದರೆ ಟ್ಯಾಕಲ್‌ನ ಹಾಳೆ ಸ್ವಚ್ಛವಾಗಿಯೇ ಇರುತ್ತದೆ. ಒಂಟಿಯಾಗಿ ನಿಂತ ಆಟಗಳನ್ನು ಬೇರೆಯೇ ಎಣಿಸಬೇಕು.

ತಂಡ ಹದಿನೈದು ಅಂಕ ಹಿಂದೆ ಬಿದ್ದು ಬರೀ ಪಾಸ್ ಆಡುವ ನಾಲ್ಕನೇ ಕ್ವಾರ್ಟರನ್ನೂ ಹಾಗೆಯೇ ಬೇರ್ಪಡಿಸಿ. ಓಟ ಬರುವುದಿಲ್ಲವೆಂದು ಖಾತ್ರಿಯಾದ ದಾಳಿಗಾರ ಸ್ನ್ಯಾಪ್‌ಗೆ ಮುಂಚೆಯೇ ಹಿಂಗಾಲು ಎತ್ತಿ, ಓಟಗಾರನಂತೆ ಬೆರಳ ತುದಿಯಲ್ಲಿ ಕಾದಿರುತ್ತಾನೆ. ಎರಡನೇ ಕ್ವಾರ್ಟರಿನಲ್ಲಿ ಅದೇ ಮನುಷ್ಯ ಹಾಗೆ ನಿಂತಿರಲಿಲ್ಲ.